ಪ್ರೊಸೆಸರ್‌ನ ನಮೂದಿತ ವೇಗ ಕಡಿಮೆ ಏಕೆ? ‘ವಿದ್ಯುಚ್ಛಕ್ತಿ’ ಘಟಕಕ್ಕೊಂದು ಅನ್ವಯ ಪಾಠ

1. ವಿಷಯದ ಆಯ್ಕೆ

ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕದಲ್ಲಿ ಜೌಲ್‌ನ ಉಷ್ಣೋತ್ಪಾದನಾ ನಿಯಮವನ್ನು ಕಲಿಸಿದ ನಂತರ ಅನ್ವಯಗಳಿಗೆ ಬರುತ್ತೇವೆ. ಇಸ್ತ್ರಿಪೆಟ್ಟಿಗೆ, ಗೀಸರ್, ಟೋಸ್ಟರ್, ಫ್ಯೂಸ್ ಇವು ನಾವು ಸಾಮಾನ್ಯವಾಗಿ ಕೊಡುವ ಉದಾಹರಣೆಗಳು. ಇವುಗಳಲ್ಲೆಲ್ಲ ಉಷ್ಣದಿಂದಲೇ ಕೆಲಸ ನಡೆಯುತ್ತದೆ. ಉಷ್ಣ ಬೇಡವಾಗಿದ್ದರೂ ಹುಟ್ಟುವ, ಅದನ್ನು ಹೊರಹಾಕಲು ಆಗದಷ್ಟಾದರೆ ಕೆಲಸದ ವೇಗಕ್ಕೇ ಮಿತಿ ಬೀಳುವ ಸಾಧನವೊಂದು ಮಕ್ಕಳ ಕೈಯಲ್ಲೇ ಇದೆ. ಅದು ಮೊಬೈಲ್ ಮತ್ತು ಕಂಪ್ಯೂಟರ್‌ನ ಪ್ರೊಸೆಸರ್. ಬಹಳ ಹೊತ್ತು ಆಟವಾಡಿದ ಮೊಬೈಲ್ ಬಿಸಿಯಾಗಿ ನಿಧಾನವಾಗುವುದನ್ನು ಅವರು ದಿನವೂ ನೋಡುತ್ತಾರೆ. ಆದ್ದರಿಂದ ನನ್ನ ಬೋಧನಾಭ್ಯಾಸದ ಅವಧಿಯಲ್ಲಿ ಈ ಘಟಕದ ಕೊನೆಗೆ ಎರಡು ತರಗತಿಗಳ ಒಂದು ಅನ್ವಯ ಪಾಠವನ್ನು ಯೋಜಿಸಿದೆ.

ಪಾಠದ ಮುಖ್ಯ ಪ್ರಶ್ನೆ ಇದು. 2011ರಲ್ಲಿ ಇಂಟೆಲ್ ಕಂಪನಿಯ ಕೋರ್ ಐ5-2500ಕೆ ಎಂಬ ಪ್ರೊಸೆಸರ್ ಮಾರುಕಟ್ಟೆಗೆ ಬಂದಾಗ ಅದರ ಮೂಲ ವೇಗ 3.3 ಗಿಗಾಹರ್ಟ್ಸ್ ಎಂದು ನಮೂದಾಗಿತ್ತು. ಕೊಂಡವರಲ್ಲಿ ಅನೇಕರು ಅದಕ್ಕೆ ಒಳ್ಳೆಯ ಫ್ಯಾನ್ ಹಾಕಿ 4.5 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಓಡಿಸಿದರು. ಹೀಗೆ ನಮೂದಿತ ವೇಗವನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅಷ್ಟು ವೇಗವಾಗಿ ಓಡಬಲ್ಲ ಚಿಪ್ಪನ್ನು ಕಂಪನಿ ಕಡಿಮೆ ವೇಗ ನಮೂದಿಸಿ ಏಕೆ ಮಾರಿತು?

ತರಗತಿಯಲ್ಲಿ ಈ ಪ್ರಶ್ನೆ ಇಟ್ಟ ಕೂಡಲೇ ಬಂದ ಉತ್ತರ, “ಮೇಡಂ, ಹಾಗಾದ್ರೆ ಕಂಪನಿಯವ್ರು ಸ್ಪೀಡ್ ಬಚ್ಚಿಡ್ತಾರೆ ಅಂತಾಯ್ತಲ್ವಾ?” ಇನ್ನೊಬ್ಬ ಹೇಳಿದ, “ಬಚ್ಚಿಟ್ಟಿದ್ದನ್ನ ನಾವು ಬಿಡಿಸ್ಕೊಂಡ್ರೆ ಫ್ರೀಯಾಗಿ ಸಿಗುತ್ತೆ.” ಈ ಎರಡು ಮಾತುಗಳನ್ನೂ ಕಪ್ಪುಹಲಗೆಯ ಮೂಲೆಯಲ್ಲಿ ಹಾಗೆಯೇ ಬರೆದಿಟ್ಟೆ. ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ. ಎರಡನೆಯದು ನಿಜವಲ್ಲ. ಎಷ್ಟು ಸತ್ಯ, ಏಕೆ ನಿಜವಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡುವುದು ಪಾಠದ ಗುರಿ.

2. ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು,
ಅ) ಒಂದು ಸಾಧನದ ಮೇಲೆ ನಮೂದಾದ ಬೆಲೆ ಅದರ ಗರಿಷ್ಠ ಅಳತೆಯಲ್ಲ, ತಯಾರಕರು ಕೊಡುವ ಖಾತರಿ ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುತ್ತಾನೆ/ಳೆ.
ಆ) ವಿಭವಾಂತರ ಮತ್ತು ಆವೃತ್ತಿ ಹೆಚ್ಚಿದಾಗ ಉತ್ಪತ್ತಿಯಾಗುವ ಉಷ್ಣ ಎಷ್ಟು ಪಟ್ಟು ಹೆಚ್ಚುತ್ತದೆ ಎಂದು ಲೆಕ್ಕ ಹಾಕುತ್ತಾನೆ/ಳೆ.
ಇ) ಒಂದೇ ಬಗೆಯ ವಸ್ತುಗಳಲ್ಲೂ ವ್ಯತ್ಯಾಸ ಇರುತ್ತದೆ, ಆದ್ದರಿಂದ ವರ್ಗೀಕರಣ ಬೇಕಾಗುತ್ತದೆ ಎಂಬುದನ್ನು ಚಟುವಟಿಕೆಯ ಮೂಲಕ ತೋರಿಸುತ್ತಾನೆ/ಳೆ.
ಈ) ತಾಂತ್ರಿಕ ಕಾರಣವನ್ನೂ ವ್ಯಾಪಾರದ ಕಾರಣವನ್ನೂ ಬೇರ್ಪಡಿಸಿ ಹೇಳುತ್ತಾನೆ/ಳೆ.

ಪೂರ್ವಜ್ಞಾನ: ವಿಭವಾಂತರ, ವಿದ್ಯುತ್ ಸಾಮರ್ಥ್ಯ, ಉಷ್ಣೋತ್ಪಾದನಾ ನಿಯಮ, ಒಂಬತ್ತನೇ ತರಗತಿಯ ‘ಶಬ್ದ’ ಪಾಠದಿಂದ ಆವೃತ್ತಿ ಮತ್ತು ಹರ್ಟ್ಸ್. ಬೇಕಾದ ಸಾಮಗ್ರಿ: ಕಾಗದದ ಚೀಟಿಗಳು, ರಟ್ಟಿನ ಎಂಟು ಕಾರ್ಡುಗಳು, ಒಂದು ಡಸ್ಟರ್, ಗೋಡೆ ಗಡಿಯಾರ. ಕಂಪ್ಯೂಟರ್ ಬೇಕಾಗಿಲ್ಲ.

3. ಬೋಧಕರಿಗೆ ವಿಷಯ ಹಿನ್ನೆಲೆ

ಪ್ರೊಸೆಸರ್‌ನೊಳಗೆ ಎಲ್ಲ ಕೆಲಸವೂ ಒಂದು ತಾಳಕ್ಕೆ ನಡೆಯುತ್ತದೆ. ಆ ತಾಳವೇ ಕ್ಲಾಕ್. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಬಡಿತ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗದಷ್ಟೇ ಸಮಯ. ಅಷ್ಟರಲ್ಲಿ ಬೆಳಕು ಕೂಡ ನಿರ್ವಾತದಲ್ಲಿ ಸುಮಾರು 10 ಸೆಂಟಿಮೀಟರ್ ಮಾತ್ರ ಹೋಗಬಲ್ಲದು. ಆ ಸಮಯದೊಳಗೆ ಸಂಕೇತವು ಹಲವು ಟ್ರಾನ್ಸಿಸ್ಟರ್‌ಗಳ ಸರಪಣಿಯನ್ನು ದಾಟಿ, ಸರಿಯಾದ ಉತ್ತರವಾಗಿ ನೆಲೆ ನಿಂತಿರಬೇಕು. ಒಂದು ಚಿಪ್ಪಿನಲ್ಲಿ ಇಂತಹ ದಾರಿಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಅವುಗಳಲ್ಲಿ ಅತ್ಯಂತ ನಿಧಾನವಾದ ದಾರಿ ಯಾವುದೋ ಅದೇ ಇಡೀ ಚಿಪ್ಪಿನ ವೇಗಕ್ಕೆ ಮಿತಿ ಹಾಕುತ್ತದೆ. ಉತ್ತರ ಸಿದ್ಧವಾಗುವ ಮೊದಲೇ ಮುಂದಿನ ಬಡಿತ ಬಂದರೆ ಚಿಪ್ ನಿಂತುಹೋಗಲೇಬೇಕೆಂದಿಲ್ಲ. ತಪ್ಪು ಉತ್ತರವನ್ನೇ ಹಿಡಿದುಕೊಂಡು ಮುಂದೆ ಸಾಗಬಹುದು.

ಈಗ ತಯಾರಿಕೆಗೆ ಬರೋಣ. ಆಧುನಿಕ ಪ್ರೊಸೆಸರ್‌ಗಳನ್ನು 300 ಮಿ.ಮೀ. ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಮುದ್ರಿಸುತ್ತಾರೆ. ವಿನ್ಯಾಸ ಒಂದೇ ಆದರೂ ಎಲ್ಲ ಚಿಪ್‌ಗಳೂ ಒಂದೇ ರೀತಿ ಬರುವುದಿಲ್ಲ. ಪದರಗಳ ದಪ್ಪದಲ್ಲಿ, ಗೆರೆಗಳ ಅಗಲದಲ್ಲಿ ಅತಿಸೂಕ್ಷ್ಮ ವ್ಯತ್ಯಾಸಗಳಿರುತ್ತವೆ. ಒಂದೇ ಹಿಟ್ಟು, ಒಂದೇ ಕಾವಲಿ ಆದರೂ ಎಲ್ಲ ದೋಸೆಯೂ ಒಂದೇ ಸಮನಾಗಿ ಬರುವುದಿಲ್ಲವಲ್ಲ, ಹಾಗೆ. ಕೆಲವು ಚಿಪ್‌ಗಳು ಕಡಿಮೆ ವಿಭವಾಂತರದಲ್ಲೇ ಚುರುಕಾಗಿ ಓಡುತ್ತವೆ, ಕೆಲವು ನಿಧಾನ, ಕೆಲವು ಕೆಟ್ಟೇ ಇರುತ್ತವೆ. ಪ್ರತಿಯೊಂದನ್ನೂ ಯಂತ್ರದಲ್ಲಿ ಪರೀಕ್ಷಿಸಿ ವರ್ಗಗಳಾಗಿ ವಿಂಗಡಿಸುತ್ತಾರೆ. ಇದಕ್ಕೆ ಬಿನ್ನಿಂಗ್ ಎಂದು ಹೆಸರು. ಒಂದು ವರ್ಗಕ್ಕೆ ನಮೂದಿಸುವ ವೇಗವನ್ನು ಆ ವರ್ಗದ ಅತ್ಯಂತ ದುರ್ಬಲ ಚಿಪ್ ಕೂಡ ತಲುಪಬೇಕು. ಅದಕ್ಕಿಂತ ಉತ್ತಮವಾದವು ಅದೇ ಡಬ್ಬಿಯಲ್ಲಿ ಅದೇ ಹೆಸರಿನಲ್ಲಿ ಹೋಗುತ್ತವೆ. ಪರೀಕ್ಷಾಯಂತ್ರದ ಸಮಯ ದುಬಾರಿಯಾದ್ದರಿಂದ ಪ್ರತಿ ಚಿಪ್ಪಿನ ಗರಿಷ್ಠ ವೇಗವನ್ನು ಕೊನೆಯವರೆಗೂ ಹುಡುಕುತ್ತ ಕೂರುವುದಿಲ್ಲ. ಈ ವರ್ಗದ ವೇಗ ದಾಟಿತೇ ಇಲ್ಲವೇ ಎಂಬುದೇ ಅವರಿಗೆ ಬೇಕಾದದ್ದು.

ಇದರ ಮೇಲೆ ಒಂದು ಸುರಕ್ಷಾ ಅಂತರವನ್ನೂ ಇಡುತ್ತಾರೆ. ಕಾರಣಗಳು ಮೂರು.

ಒಂದು, ತಾಪ. ಅದೇ ಚಿಪ್ ಶಿಮ್ಲಾದ ಚಳಿಯಲ್ಲೂ ಓಡಬೇಕು, ಮೇ ತಿಂಗಳ ಕಲಬುರಗಿಯಲ್ಲೂ ಓಡಬೇಕು. ಧೂಳು ಹಿಡಿದ ಫ್ಯಾನ್ ಇರುವ ಡಬ್ಬಿಯಲ್ಲೂ ಓಡಬೇಕು.

ಎರಡು, ವಿದ್ಯುತ್ ಪೂರೈಕೆ. ಅಗ್ಗದ ಮದರ್‌ಬೋರ್ಡ್‌ನಲ್ಲಿ ವಿಭವಾಂತರ ಕ್ಷಣಕ್ಷಣಕ್ಕೂ ಸ್ವಲ್ಪ ಏರಿಳಿಯುತ್ತದೆ. ಇಳಿದ ಕ್ಷಣದಲ್ಲಿ ಟ್ರಾನ್ಸಿಸ್ಟರ್‌ಗಳು ನಿಧಾನವಾಗುತ್ತವೆ. ಆಗಲೂ ಉತ್ತರ ಸರಿ ಇರಬೇಕು.

ಮೂರು, ವಯಸ್ಸು. ಚಿಪ್ಪಿನೊಳಗಿನ ಅತಿ ಸಣ್ಣ ಲೋಹದ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನ್‌ಗಳು ಲೋಹದ ಪರಮಾಣುಗಳನ್ನು ನಿಧಾನವಾಗಿ ಪಕ್ಕಕ್ಕೆ ತಳ್ಳುತ್ತವೆ. ಇದಕ್ಕೆ ಎಲೆಕ್ಟ್ರೋಮೈಗ್ರೇಶನ್ ಎನ್ನುತ್ತಾರೆ. ವಿದ್ಯುತ್‌ಪ್ರವಾಹದ ಸಾಂದ್ರತೆಯೂ ತಾಪವೂ ಹೆಚ್ಚಿದಷ್ಟು ತಂತಿಯ ಆಯಸ್ಸು ಕುಗ್ಗುತ್ತದೆ ಎಂಬುದನ್ನು ಜೇಮ್ಸ್ ಬ್ಲ್ಯಾಕ್ 1969ರಲ್ಲಿ ಸಮೀಕರಣವಾಗಿ ಕೊಟ್ಟರು. ಟ್ರಾನ್ಸಿಸ್ಟರ್‌ಗಳೂ ವರ್ಷ ಕಳೆದಂತೆ ಸ್ವಲ್ಪ ನಿಧಾನವಾಗುತ್ತವೆ. ನಮೂದಿತ ವೇಗ ಮೊದಲ ದಿನಕ್ಕೆ ಮಾತ್ರ ಅಲ್ಲ, ವಾರಂಟಿ ಮುಗಿಯುವ ದಿನಕ್ಕೂ ನಿಜವಾಗಿರಬೇಕು.

4. ಮೊದಲ ತರಗತಿ: ಚೀಟಿ ಸಾಗಿಸುವ ಚಟುವಟಿಕೆ (40 ನಿಮಿಷ)

ಒಂದು ಸಾಲಿನಲ್ಲಿ ಎಂಟು ವಿದ್ಯಾರ್ಥಿಗಳು. ಪ್ರತಿಯೊಬ್ಬರ ಮುಂದೆ ಒಂದು ಕಾರ್ಡು: ‘7 ಕೂಡಿಸು’, ‘2ರಿಂದ ಗುಣಿಸು’, ‘9 ಕಳೆ’ ಹೀಗೆ. ಎಂಟರಲ್ಲಿ ಒಂದು ಕಾರ್ಡು ಮಾತ್ರ ಬೇಕೆಂದೇ ಕಠಿಣ: ‘13ರಿಂದ ಗುಣಿಸು’. ಶಿಕ್ಷಕರು ಡಸ್ಟರಿನಿಂದ ಮೇಜು ಬಡಿಯುತ್ತಾರೆ. ಬಡಿದಾಗಲೆಲ್ಲ ಪ್ರತಿಯೊಬ್ಬರೂ ತಮ್ಮ ಚೀಟಿಯಲ್ಲಿ ಏನಿದೆಯೋ ಅದನ್ನು ಮುಂದಿನವರಿಗೆ ದಾಟಿಸಲೇಬೇಕು. ಬರೆದು ಮುಗಿಸಿಲ್ಲ ಎಂದು ಹಿಡಿದುಕೊಳ್ಳುವಂತಿಲ್ಲ. ಮೊದಲನೆಯವರಿಗೆ ಪ್ರತಿ ಬಡಿತಕ್ಕೂ ಹೊಸ ಸಂಖ್ಯೆ ಸಿಗುತ್ತದೆ. ಕೊನೆಯವರು ಬಂದ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಸರಿಯುತ್ತರಗಳ ಪಟ್ಟಿ ಶಿಕ್ಷಕರ ಬಳಿ ಮೊದಲೇ ಇರುತ್ತದೆ.

ನಿಧಾನವಾಗಿ ಬಡಿದಾಗ ಎಲ್ಲ ಉತ್ತರವೂ ಸರಿ ಬರುತ್ತದೆ. ವೇಗ ಹೆಚ್ಚಿಸುತ್ತ ಹೋದಂತೆ ತೊಂದರೆ ಮೊದಲು ಕಾಣುವುದು 13ರ ಕಾರ್ಡಿನ ಹತ್ತಿರ. ಆ ವಿದ್ಯಾರ್ಥಿ ಅರ್ಧ ಬರೆದ ಸಂಖ್ಯೆಯನ್ನೇ ದಾಟಿಸಬೇಕಾಗುತ್ತದೆ. ನಂತರದವರು ಅದನ್ನೇ ಸರಿ ಎಂದುಕೊಂಡು ತಮ್ಮ ಲೆಕ್ಕವನ್ನು ನಿಷ್ಠೆಯಿಂದ ಮಾಡುತ್ತಾರೆ. ಕೊನೆಯವರು ತಪ್ಪು ಉತ್ತರವನ್ನು ದೊಡ್ಡದಾಗಿ, ಅಂದವಾಗಿ ಬರೆಯುತ್ತಾರೆ. ಇಲ್ಲಿ ಚಟುವಟಿಕೆಯನ್ನು ನಿಲ್ಲಿಸಿ ಕೇಳಿದೆ: “ಉತ್ತರ ತಪ್ಪು ಅಂತ ಸಾಲಿನಲ್ಲಿ ಯಾರಿಗೆ ಗೊತ್ತಾಯ್ತು?” 13ರ ಕಾರ್ಡಿನವಳು ಕೈ ಎತ್ತಿದಳು, “ನಂಗೆ ಗೊತ್ತಿತ್ತು ಮೇಡಂ, ಆದ್ರೆ ಹೇಳೋ ಹಾಗಿರ್ಲಿಲ್ವಲ್ಲ.” ಪ್ರೊಸೆಸರ್‌ನಲ್ಲಿ ಕೈ ಎತ್ತುವವರೂ ಇಲ್ಲ ಎಂಬುದನ್ನು ಈ ಹಂತದಲ್ಲಿ ಹೇಳಬೇಕು. ಮಿತಿ ಮೀರಿದ ಕಂಪ್ಯೂಟರ್ ಕೆಲವೊಮ್ಮೆ ಸ್ಥಗಿತವಾಗುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆ. ಕೆಲವೊಮ್ಮೆ ಏನೂ ಆಗದಂತೆ ಕಂಡು, ಎಲ್ಲೋ ಒಂದು ಲೆಕ್ಕ ತಪ್ಪಿ, ಆ ತಪ್ಪು ಕಡತದಲ್ಲಿ ಉಳಿದುಬಿಡುತ್ತದೆ. ಆಟದಲ್ಲಿ ಒಂದು ಚುಕ್ಕಿಯ ಬಣ್ಣ ಕೆಟ್ಟರೆ ಯಾರಿಗೂ ನಷ್ಟವಿಲ್ಲ. ಶಾಲೆಯ ಅಂಕಪಟ್ಟಿ, ಆಸ್ಪತ್ರೆಯ ವರದಿ, ಬ್ಯಾಂಕಿನ ಲೆಕ್ಕದಲ್ಲಿ ಹಾಗಲ್ಲ.

ನಂತರ ಬೇರೆ ಬೇರೆ ಸಾಲುಗಳಿಂದ ಅದೇ ಚಟುವಟಿಕೆ ಮಾಡಿಸಿ, ಪ್ರತಿ ಸಾಲೂ ತಪ್ಪಿಲ್ಲದೆ ತಾಳಿಕೊಂಡ ಗರಿಷ್ಠ ಬಡಿತವನ್ನು ಬರೆದುಕೊಳ್ಳಬೇಕು. ಸಾಲುಗಳ ಮಿತಿ ಬೇರೆ ಬೇರೆಯಾಗಿಯೇ ಬರುತ್ತದೆ. ಮುಂದಿನ ಚರ್ಚೆಗೆ ಅನುಕೂಲವಾಗಲೆಂದು ಇಲ್ಲಿ ಮಾದರಿ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ನಿಮಿಷಕ್ಕೆ ಎಷ್ಟು ಬಡಿತ ಎಂಬ ಲೆಕ್ಕದಲ್ಲಿ, ಅ ಸಾಲು 24, ಆ ಸಾಲು 22, ಇ ಸಾಲು 21, ಈ ಸಾಲು 20, ಉ ಸಾಲು 19, ಊ ಸಾಲು 17.

ಈಗ ಮಕ್ಕಳು ತಯಾರಕರ ಜಾಗದಲ್ಲಿ ನಿಲ್ಲುತ್ತಾರೆ. ಪ್ರಶ್ನೆ: “ಈ ಸಾಲುಗಳನ್ನು ಬೇರೆ ಶಾಲೆಗೆ ಕಳಿಸಬೇಕು. ಅಲ್ಲಿ ಊಟವಾದ ಮೇಲಿನ ಕೊನೆಯ ಪಿರಿಯಡ್‌ನಲ್ಲೂ, ಫ್ಯಾನ್ ಇಲ್ಲದ ಕೋಣೆಯಲ್ಲೂ ಒಂದು ತಪ್ಪೂ ಬರಬಾರದು. ಒಂದೊಂದು ಸಾಲಿಗೂ ಎಷ್ಟು ವೇಗ ಅಂತ ಚೀಟಿ ಅಂಟಿಸ್ತೀರಿ?” ಅಳೆದ ಮಿತಿಗಿಂತ ಕನಿಷ್ಠ 2 ಬಡಿತ ಕಡಿಮೆ ಇರಲಿ ಎಂದು ಒಪ್ಪಿಕೊಂಡೆವು. ಆರು ಸಾಲಿಗೆ ಆರು ಬೇರೆ ಚೀಟಿ ಮಾಡಿದರೆ ಕೊಳ್ಳುವವರಿಗೆ ಗೊಂದಲ. ಆದ್ದರಿಂದ ಎರಡೇ ಚೀಟಿ: ‘18’ ಮತ್ತು ‘15’. ಮಿತಿ 20 ಅಥವಾ ಹೆಚ್ಚು ಇರುವ ಅ, ಆ, ಇ, ಈ ಸಾಲುಗಳಿಗೆ 18. ಉಳಿದ ಉ, ಊ ಸಾಲುಗಳಿಗೆ 15.

ಈಗ ಈ ಸಾಲನ್ನು ಕೊಂಡವರು ಅದನ್ನು 18ರಿಂದ 20ಕ್ಕೆ ಮಾತ್ರ ಏರಿಸಬಹುದು, ಅಂದರೆ ಶೇ. 11. ಅದೇ ಚೀಟಿ, ಅದೇ ಬೆಲೆಯ ಅ ಸಾಲನ್ನು 24ರವರೆಗೆ, ಅಂದರೆ ಶೇ. 33ರಷ್ಟು ಏರಿಸಬಹುದು. ಇಬ್ಬರು ಗೆಳೆಯರು ಒಂದೇ ಪ್ರೊಸೆಸರ್ ಕೊಂಡರೂ ಒಬ್ಬನದು ಹೆಚ್ಚು ಓವರ್‌ಕ್ಲಾಕ್ ಆಗುವುದು, ಇನ್ನೊಬ್ಬನದು ಆಗದಿರುವುದು ಇದರಿಂದಲೇ. ಚೀಟಿಯಲ್ಲಿ ಸುಳ್ಳಿಲ್ಲ. ಚೀಟಿ ಹೇಳುತ್ತಿರುವುದು ಆ ವರ್ಗದ ಯಾವ ಸಾಲು ಬಂದರೂ ಎಷ್ಟನ್ನು ನಂಬಬಹುದು ಎಂಬುದನ್ನು ಮಾತ್ರ.

ಕೊನೆಯ ಹತ್ತು ನಿಮಿಷಕ್ಕೆ ಇನ್ನೊಂದು ಪ್ರಶ್ನೆ: “ಗಿರಾಕಿ ಕಡಿಮೆ ಬೆಲೆಯ ‘15’ರ ಸಾಲುಗಳನ್ನೇ ಮೂರು ಕೇಳಿದ. ನಮ್ಮಲ್ಲಿರೋದು ಎರಡು. ಏನು ಮಾಡ್ತೀರಿ?” ಮಕ್ಕಳು ತಡಮಾಡಲಿಲ್ಲ. “18ರ ಸಾಲಿಗೆ 15ರ ಚೀಟಿ ಅಂಟಿಸಿ ಕೊಡೋದು!” ಆ ಅದೃಷ್ಟದ ಮೂರನೇ ಸಾಲು ಅ ಆಗಿದ್ದರೆ, ಅದನ್ನು ಕೊಂಡವನಿಗೆ 15ರಿಂದ 24ರವರೆಗೆ, ಅಂದರೆ ಶೇ. 60ರಷ್ಟು ಅವಕಾಶ ಸಿಕ್ಕಂತಾಯಿತು. ಮೂಲೆಯಲ್ಲಿ ಬರೆದಿಟ್ಟ ‘ಬಚ್ಚಿಡ್ತಾರೆ’ ಎಂಬ ಮಾತಿಗೆ ಇಲ್ಲಿ ಸ್ವಲ್ಪ ಜಾಗ ಸಿಗುತ್ತದೆ.

5. ಬಚ್ಚಿಟ್ಟ ನಿಜವಾದ ಉದಾಹರಣೆಗಳು

ಇದು ಊಹೆಯಲ್ಲ, ಇತಿಹಾಸದಲ್ಲಿ ನಡೆದದ್ದು. 1998ರಲ್ಲಿ ಇಂಟೆಲ್ ಅಗ್ಗದ ಕಂಪ್ಯೂಟರ್‌ಗಳಿಗಾಗಿ ಸೆಲೆರಾನ್ 300ಎ ಎಂಬ ಪ್ರೊಸೆಸರ್ ತಂದಿತು. ಮದರ್‌ಬೋರ್ಡ್‌ನ ಮೂಲ ತಾಳ ಸುಮಾರು 66.7 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು 4.5ರಿಂದ ಗುಣಿಸಿ 300 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಆಗಿನ ಹೊಸ ಮದರ್‌ಬೋರ್ಡ್‌ಗಳಲ್ಲಿ ಮೂಲ ತಾಳವನ್ನು 100 ಮೆಗಾಹರ್ಟ್ಸ್‌ಗೆ ಏರಿಸಬಹುದಿತ್ತು. 100 × 4.5 = 450. ಬಹಳಷ್ಟು 300ಎ ಚಿಪ್‌ಗಳು 450 ಮೆಗಾಹರ್ಟ್ಸ್‌ನಲ್ಲಿ ಸಲೀಸಾಗಿ ಓಡಿದವು. ಅದೇ ವರ್ಷ ಇಂಟೆಲ್ ಮಾರುತ್ತಿದ್ದ ದುಬಾರಿ ಪೆಂಟಿಯಂ 2 ಪ್ರೊಸೆಸರ್‌ನ ವೇಗವೂ 450. ಎರಡೂ ಒಂದೇ ಪೀಳಿಗೆಯ ತಂತ್ರಜ್ಞಾನದಲ್ಲಿ ತಯಾರಾಗಿದ್ದವು. ಸೆಲೆರಾನ್‌ಗೆ 300 ಎಂಬ ಚೀಟಿ ಅಂಟಿದ್ದು ಅದರ ಶಕ್ತಿ ಅಷ್ಟೇ ಇತ್ತೆಂದಲ್ಲ. ಅಗ್ಗದ ಅಂಗಡಿಗೆ ಅಗ್ಗದ ಮಾಲು ಬೇಕಿತ್ತು, ದುಬಾರಿ ಮಾಲಿನ ಬೆಲೆ ಉಳಿಯಬೇಕಿತ್ತು.

2009ರ ಎಎಂಡಿ ಕಂಪನಿಯ ಫೆನಮ್ 2 ಎಕ್ಸ್2 550 ಇನ್ನೊಂದು ಉದಾಹರಣೆ. ನಾಲ್ಕು ಕೋರ್‌ಗಳ ಚಿಪ್ಪಿನಲ್ಲಿ ಎರಡನ್ನು ನಿಷ್ಕ್ರಿಯಗೊಳಿಸಿ ಎರಡು ಕೋರ್‌ಗಳದ್ದೆಂದು ಮಾರಿದ್ದರು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಆ ಎರಡನ್ನು ಮತ್ತೆ ತೆರೆಯಬಹುದಿತ್ತು. ಕೆಲವರಿಗೆ ನಾಲ್ಕೂ ಸರಿಯಾಗಿ ಕೆಲಸ ಮಾಡಿದವು. ಕೆಲವರಿಗೆ ಮುಚ್ಚಿದ ಕೋರ್ ನಿಜಕ್ಕೂ ಕೆಟ್ಟದ್ದಾಗಿತ್ತು. ಅಂದರೆ ಒಂದೇ ಹೆಸರಿನ ಡಬ್ಬಿಗಳಲ್ಲಿ ದೋಷವಿದ್ದುದರಿಂದ ಮುಚ್ಚಿದವೂ ಇದ್ದವು, ಬೇಡಿಕೆ ತುಂಬಿಸಲು ಮುಚ್ಚಿದವೂ ಇದ್ದವು. ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ.

ಮಕ್ಕಳಿಗೆ ಈ ಭಾಗವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಅಗತ್ಯ. ಎಲ್ಲವೂ ಸುರಕ್ಷತೆಗಾಗಿಯೇ ಎಂದರೆ ಅರ್ಧ ಸತ್ಯ. ಎಲ್ಲವೂ ಲಾಭಕ್ಕಾಗಿಯೇ ಎಂದರೆ ಅದೂ ಅರ್ಧ ಸತ್ಯ.

6. ಎರಡನೇ ತರಗತಿ: ಕಪ್ಪುಹಲಗೆಯ ಲೆಕ್ಕ (40 ನಿಮಿಷ)

‘ಫ್ರೀಯಾಗಿ ಸಿಗುತ್ತೆ’ ಎಂಬ ಎರಡನೇ ಮಾತನ್ನು ಈಗ ಪರೀಕ್ಷಿಸಬೇಕು. ಚಿಪ್ಪಿನೊಳಗೆ ಪ್ರತಿ ಬಡಿತಕ್ಕೂ ಕೋಟ್ಯಂತರ ಪುಟ್ಟ ಧಾರಕಗಳು ಆವೇಶ ತುಂಬಿಕೊಂಡು ಖಾಲಿಯಾಗುತ್ತವೆ. ಧಾರಕ ಹತ್ತನೇ ತರಗತಿಗೆ ಹೊಸ ಪದವಾದ್ದರಿಂದ, ತುಂಬಿ ಚೆಲ್ಲುವ ಪುಟ್ಟ ಬಕೆಟ್‌ಗಳೆಂದು ಹೇಳಿದರೆ ಸಾಕು. ಚೆಲ್ಲಿದ ಶಕ್ತಿಯೆಲ್ಲ ಉಷ್ಣವಾಗುತ್ತದೆ. ಇದರಿಂದ ಬರುವ ಸಂಬಂಧ:

ವಿದ್ಯುತ್ ಸಾಮರ್ಥ್ಯ ∝ (ವಿಭವಾಂತರ)² × ಆವೃತ್ತಿ

ರೋಧ ಬದಲಾಗದಿದ್ದರೆ ಸಾಮರ್ಥ್ಯವು ವಿಭವಾಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ಮಕ್ಕಳು ಈಗಾಗಲೇ ಕಲಿತಿದ್ದಾರೆ. ಇಲ್ಲೂ ವರ್ಗವೇ ಬರುತ್ತದೆ ಎಂಬುದನ್ನು ಅವರ ಗಮನಕ್ಕೆ ತರಬಹುದು.

ವೇಗವನ್ನು ಶೇ. 20 ಹೆಚ್ಚಿಸಿದರೆ ಉಷ್ಣವೂ ಶೇ. 20 ಹೆಚ್ಚಬೇಕು. ಆದರೆ ಅಷ್ಟು ವೇಗಕ್ಕೆ ಹಳೆಯ ವಿಭವಾಂತರ ಸಾಲದೆ ಹೋಗಬಹುದು. ಟ್ರಾನ್ಸಿಸ್ಟರ್ ಚುರುಕಾಗಬೇಕಾದರೆ ವಿಭವಾಂತರವನ್ನೂ ಏರಿಸಬೇಕು. ಅದನ್ನು ಶೇ. 10 ಏರಿಸಿದೆವೆಂದು ಇಟ್ಟುಕೊಳ್ಳೋಣ.

1.1 × 1.1 × 1.2 = 1.452

ಅಂದರೆ ಶೇ. 20ರಷ್ಟು ವೇಗಕ್ಕೆ ಶೇ. 45ರಷ್ಟು ಹೆಚ್ಚು ಉಷ್ಣ. ಮೊದಲು 65 ವ್ಯಾಟ್ ಇದ್ದದ್ದು ಈಗ ಸುಮಾರು 94 ವ್ಯಾಟ್.

ಈ ಉಷ್ಣ ಎಲ್ಲಿಗೆ ಹೋಗುತ್ತದೆ? ಒಂದು ಸಾಧಾರಣ ಕೂಲರ್ ಇದ್ದು, ಪ್ರತಿ ವ್ಯಾಟಿಗೆ ಚಿಪ್ಪಿನ ತಾಪ ಕೋಣೆಯ ತಾಪಕ್ಕಿಂತ 0.6 °ಸೆ ಏರುತ್ತದೆ ಎಂದು ಭಾವಿಸೋಣ. ಮಕ್ಕಳು ನಾಲ್ಕು ಗುಂಪುಗಳಾಗಿ ನಾಲ್ಕು ಲೆಕ್ಕ ಮಾಡಿದರು.

ನಮೂದಿತ ವೇಗ, ಕೋಣೆಯ ತಾಪ 27 °ಸೆ: 27 + 39 = 66 °ಸೆ
ನಮೂದಿತ ವೇಗ, ಕೋಣೆಯ ತಾಪ 42 °ಸೆ: 42 + 39 = 81 °ಸೆ
ಏರಿಸಿದ ವೇಗ, ಕೋಣೆಯ ತಾಪ 27 °ಸೆ: 27 + 57 = 84 °ಸೆ
ಏರಿಸಿದ ವೇಗ, ಕೋಣೆಯ ತಾಪ 42 °ಸೆ: 42 + 57 = 99 °ಸೆ

ಇಂದಿನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಸುಮಾರು 95ರಿಂದ 100 °ಸೆ ಮುಟ್ಟಿದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗವನ್ನು ತಾವೇ ತಗ್ಗಿಸುತ್ತವೆ. ತಂಪಾದ ಕೋಣೆಯಲ್ಲಿ ಏರಿಸಿದ ವೇಗ ನಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಅದೇ ಯಂತ್ರ ಅಂಚಿಗೆ ಬಂದು ನಿಲ್ಲುತ್ತದೆ. ತಯಾರಕರು ಚೀಟಿ ಬರೆಯುವಾಗ ನೋಡುವುದು ಕೊನೆಯ ಸಾಲುಗಳಂತಹ ಸಂದರ್ಭವನ್ನು. ಓವರ್‌ಕ್ಲಾಕ್ ಮಾಡಿ ಬೀಗುವವರು ನೋಡುವುದು ತಂಪಾದ ಕೋಣೆಯನ್ನು. 2022ರ ಕೊನೆಯಲ್ಲಿ 9 ಗಿಗಾಹರ್ಟ್ಸ್ ದಾಟಿದ ವಿಶ್ವದಾಖಲೆಗೆ ಬಳಸಿದ್ದು ದ್ರವ ಹೀಲಿಯಂ. ಅಂಗಡಿಯಲ್ಲಿ ಕೊಂಡಾಗ ಅದೇ ಮಾದರಿಯ ಪ್ರೊಸೆಸರ್‌ನ ಗರಿಷ್ಠ ವೇಗ 5.8 ಗಿಗಾಹರ್ಟ್ಸ್. ಒಂದು ಮನೆಯಲ್ಲಿ, ಒಂದು ಫ್ಯಾನಿನಡಿ, ವರ್ಷಗಟ್ಟಲೆ ಓಡುವ ವೇಗವನ್ನು ಆ ದಾಖಲೆಯೊಂದಿಗೆ ಹೋಲಿಸಲಾಗದು.

ತಂಪು ಮಾಡುವ ವ್ಯವಸ್ಥೆ ಬದಲಾದರೆ ಚೀಟಿಯೂ ಬದಲಾಗಬಹುದು ಎಂಬುದಕ್ಕೆ ರಾಸ್‌ಬೆರಿ ಪೈ ಒಳ್ಳೆಯ ಉದಾಹರಣೆ. 2019ರ ಪೈ 4 ಬಂದದ್ದು 1.5 ಗಿಗಾಹರ್ಟ್ಸ್‌ನಲ್ಲಿ. ಅದೇ ಚಿಪ್ಪಿನ ಪರಿಷ್ಕೃತ ರೂಪವನ್ನು ಕೀಬೋರ್ಡ್‌ನೊಳಗೆ ಅಗಲವಾದ ಲೋಹದ ತಗಡಿನೊಂದಿಗೆ ಕೂರಿಸಿದ 2020ರ ಪೈ 400ರ ವೇಗ 1.8 ಗಿಗಾಹರ್ಟ್ಸ್.

7. ಅಂಚಿಗೆ ಬಂದಾಗ ಏನಾಯಿತು

ಸುರಕ್ಷಾ ಅಂತರ ಏಕೆ ಬೇಕು ಎಂಬುದನ್ನು ಅದು ಸಾಲದೇ ಹೋದ ಘಟನೆಗಳು ಚೆನ್ನಾಗಿ ತಿಳಿಸುತ್ತವೆ. ಎರಡನ್ನು ಕತೆಯಂತೆ ಹೇಳಿದೆ.

2000ದ ಮಾರ್ಚ್‌ನಲ್ಲಿ ಎಎಂಡಿ ಮತ್ತು ಇಂಟೆಲ್ ಎರಡೂ ಕೆಲವೇ ದಿನಗಳ ಅಂತರದಲ್ಲಿ 1 ಗಿಗಾಹರ್ಟ್ಸ್ ಪ್ರೊಸೆಸರ್‌ಗಳನ್ನು ಪ್ರಕಟಿಸಿದವು. ಮುಂದೆ ಯಾರು ಎಂಬ ಪೈಪೋಟಿಯಲ್ಲಿ ಇಂಟೆಲ್ ಜುಲೈ ಕೊನೆಯಲ್ಲಿ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಬಿಡುಗಡೆ ಮಾಡಿತು. ಸ್ವತಂತ್ರ ಪರೀಕ್ಷಕರು ಅದರಲ್ಲಿ ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡುವಂತಹ ಭಾರವಾದ ಕೆಲಸ ಕೊಟ್ಟಾಗ ಅದು ವಿಫಲವಾಯಿತು. ಆಗಸ್ಟ್ ಕೊನೆಯಲ್ಲಿ ಇಂಟೆಲ್ ಆ ಪ್ರೊಸೆಸರ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಆ ವೇಗದ ಪೆಂಟಿಯಂ 3 ಮತ್ತೆ ಬಂದದ್ದು 2001ರಲ್ಲಿ.

ಎರಡನೆಯದು ಇತ್ತೀಚಿನದು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, ಬಳಕೆದಾರರು ಓವರ್‌ಕ್ಲಾಕ್ ಮಾಡದಿದ್ದರೂ, ತಿಂಗಳುಗಳ ನಂತರ ಅಸ್ಥಿರವಾಗತೊಡಗಿದವು. ಅಗತ್ಯಕ್ಕಿಂತ ಹೆಚ್ಚಿನ ವಿಭವಾಂತರದಿಂದ ಚಿಪ್ ಬೇಗ ಸವೆದು, ಸರಿಯಾಗಿ ಓಡಲು ಬೇಕಾದ ಕನಿಷ್ಠ ವಿಭವಾಂತರವೇ ಏರಿಬಿಡುತ್ತಿತ್ತು ಎಂದು 2024ರಲ್ಲಿ ಕಂಪನಿ ತಿಳಿಸಿತು. ಪ್ರೊಸೆಸರ್‌ನ ಒಳಗಿನ ಸೂಚನೆಗಳನ್ನು ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಸವೆದುಹೋದ ಚಿಪ್ಪನ್ನು ಹೊಸ ಸೂಚನೆಗಳು ಸರಿಪಡಿಸಲಾರವು. ಅವು ಮುಂದಿನ ಸವೆತವನ್ನು ತಡೆಯಬಹುದು ಅಷ್ಟೆ. ಹೆಚ್ಚಿನ ವೇಗದ ಬೆಲೆಯನ್ನು ಚಿಪ್ ತನ್ನ ಆಯಸ್ಸಿನಿಂದ ಕಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಗಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಹಿಂದಿನಷ್ಟು ದೊಡ್ಡ ಅಂತರ ಈಗ ಉಳಿದಿಲ್ಲ. 2008ರಲ್ಲಿ ಇಂಟೆಲ್ ಟರ್ಬೋ ಬೂಸ್ಟ್ ಎಂಬ ವ್ಯವಸ್ಥೆ ತಂದ ಮೇಲೆ ಪ್ರೊಸೆಸರ್ ತನ್ನ ತಾಪ, ವಿದ್ಯುತ್, ಕೆಲಸದ ಭಾರ ನೋಡಿಕೊಂಡು ಅವಕಾಶವಿದ್ದಾಗ ತಾನೇ ವೇಗ ಏರಿಸಿಕೊಳ್ಳುತ್ತದೆ. ಆದ್ದರಿಂದಲೇ ಇಂದಿನ ಡಬ್ಬಿಗಳ ಮೇಲೆ ಮೂಲ ವೇಗ, ಗರಿಷ್ಠ ವೇಗ ಎಂದು ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ನಿರಂತರ ಕೆಲಸಕ್ಕೆ ಕೊಟ್ಟ ಖಾತರಿ. ಎರಡನೆಯದು ಪರಿಸ್ಥಿತಿ ಅನುಕೂಲವಾಗಿದ್ದರೆ ಸಿಗುವ ವೇಗ.

8. ಮೌಲ್ಯಮಾಪನ

ಅ) ಮಾದರಿ ಸಾಲುಗಳಲ್ಲಿ ಸುರಕ್ಷಾ ಅಂತರವನ್ನು 2ರ ಬದಲು 4 ಎಂದು ಇಟ್ಟರೆ ‘18’ರ ಚೀಟಿ ಎಷ್ಟು ಸಾಲುಗಳಿಗೆ ಸಿಗುತ್ತದೆ? ತಯಾರಕರಿಗೆ ಇದರಿಂದ ಲಾಭವೇನು, ನಷ್ಟವೇನು?
ಆ) ವಿಭವಾಂತರವನ್ನು ಶೇ. 20, ಆವೃತ್ತಿಯನ್ನು ಶೇ. 20 ಹೆಚ್ಚಿಸಿದರೆ ಉಷ್ಣ ಎಷ್ಟು ಪಟ್ಟಾಗುತ್ತದೆ? (ಉತ್ತರ: 1.728)
ಇ) ಸೆಲೆರಾನ್ 300ಎ ಮತ್ತು 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3, ಈ ಎರಡರಲ್ಲಿ ಚೀಟಿಯ ವೇಗಕ್ಕೂ ಚಿಪ್ಪಿನ ಶಕ್ತಿಗೂ ಇದ್ದ ಸಂಬಂಧವನ್ನು ಹೋಲಿಸಿ ಐದು ವಾಕ್ಯ ಬರೆಯಿರಿ.
ಈ) ಮನೆಯಲ್ಲಿ ಅಥವಾ ಊರಿನಲ್ಲಿ ಮಿತಿ ಬರೆದಿರುವ ಮೂರು ಚೀಟಿಗಳನ್ನು ಹುಡುಕಿ ಬರೆದು ತನ್ನಿ. ಪ್ರತಿಯೊಂದರಲ್ಲೂ ಆ ಸಂಖ್ಯೆ ಯಾವ ಸಂದರ್ಭವನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಎಂದು ಊಹಿಸಿ.

ನಾಲ್ಕನೆಯ ಪ್ರಶ್ನೆಗೆ ಲಿಫ್ಟಿನೊಳಗಿನ ಜನಸಂಖ್ಯೆ, ಸೇತುವೆಯ ಮೇಲಿನ ತೂಕದ ಫಲಕ, ಇಷ್ಟು ನಿಮಿಷ ಓಡಿಸಿ ನಿಲ್ಲಿಸಿ ಎನ್ನುವ ಮಿಕ್ಸಿಯ ಸೂಚನೆ, ವಿಸ್ತರಣಾ ಬೋರ್ಡಿನ ಆಂಪಿಯರ್, ಮಾತ್ರೆಯ ಪಟ್ಟಿಯ ಮೇಲಿನ ಕೊನೆಯ ದಿನಾಂಕ ಇಂತಹವು ಬಂದವು. ಚೀಟಿಯ ಸಂಖ್ಯೆಯನ್ನು ಒಂದು ದಿನ ಮೀರಿದ ತಕ್ಷಣ ಏನೂ ಆಗದಿರಬಹುದು, ಆದರೂ ಅದನ್ನು ಏಕೆ ಬರೆದಿದ್ದಾರೆ ಎಂಬ ಚರ್ಚೆಗೆ ಪ್ರೊಸೆಸರ್‌ನ ಪಾಠ ನೇರವಾಗಿ ಒದಗಿತು.

9. ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಶಾಲೆಯ ಕಂಪ್ಯೂಟರ್‌ಗಳ ಮೇಲೆ ಓವರ್‌ಕ್ಲಾಕಿಂಗ್ ಪ್ರಯೋಗ ಮಾಡಬೇಡಿ, ಮಾಡಲು ಬಿಡಲೂಬೇಡಿ. ಅವು ಎಲ್ಲ ಮಕ್ಕಳ ಆಸ್ತಿ, ಮತ್ತು ವಾರಂಟಿ ಹೋಗುವ ಸಾಧ್ಯತೆ ಇರುತ್ತದೆ. ಪಾಠಕ್ಕೆ ಚೀಟಿಗಳ ಚಟುವಟಿಕೆಯೇ ಸಾಕು.

ಕಠಿಣ ಕಾರ್ಡನ್ನು ಲೆಕ್ಕದಲ್ಲಿ ಹಿಂದುಳಿದ ಮಗುವಿಗೆ ಕೊಡಬಾರದು. ನಿಧಾನವಾಗುವುದು ಕಾರ್ಡಿನಿಂದಲೇ ಹೊರತು ಮಗುವಿನಿಂದಲ್ಲ ಎಂದು ಎಲ್ಲರಿಗೂ ಕಾಣಬೇಕು. ಎರಡನೇ ಸುತ್ತಿನಲ್ಲಿ ಕಾರ್ಡುಗಳನ್ನು ಅದಲುಬದಲು ಮಾಡಿದರೆ ಇದು ಸ್ಪಷ್ಟವಾಗುತ್ತದೆ. ಸಾಲುಗಳಿಗೆ ಹೆಸರಿಡುವಾಗ ಬೆಂಚಿನ ಕ್ರಮವನ್ನು ಬಿಟ್ಟು ಬೇರೆ ಬೇರೆ ಮಕ್ಕಳನ್ನು ಬೆರೆಸಿ. ಇಲ್ಲವಾದರೆ ‘15ರ ಸಾಲು’ ಎಂಬುದು ಅಡ್ಡಹೆಸರಾಗಿ ಉಳಿಯುವ ಅಪಾಯವಿದೆ.

ಸಮಯ ಒಂದೇ ತರಗತಿಯಷ್ಟಿದ್ದರೆ 4 ಮತ್ತು 6ನೇ ಭಾಗಗಳನ್ನು ಮಾತ್ರ ಇಟ್ಟುಕೊಂಡು, ಘಟನೆಗಳನ್ನು ಓದಲು ಮನೆಗೆ ಕೊಡಬಹುದು. ಗಣಿತ ಬೋಧಿಸುವವರು ಸಾಲುಗಳ ಮಿತಿಗಳನ್ನೇ ದತ್ತಾಂಶವಾಗಿ ಬಳಸಿ ‘ಸಂಖ್ಯಾಶಾಸ್ತ್ರ’ ಘಟಕದ ಸರಾಸರಿಯನ್ನು ಮಾಡಿಸಬಹುದು. ಮಾದರಿ ಸಾಲುಗಳ ಸರಾಸರಿ 20.5. ಎಲ್ಲ ಸಾಲಿಗೂ ಆ ಸರಾಸರಿಯನ್ನೇ ಚೀಟಿಯಾಗಿ ಅಂಟಿಸಿದರೆ ಆರರಲ್ಲಿ ಮೂರು ಸಾಲುಗಳು ಕೊಟ್ಟ ಮಾತನ್ನು ತಪ್ಪುತ್ತವೆ. ಸರಾಸರಿಯನ್ನು ಎಲ್ಲಿ ಬಳಸಬಾರದು ಎಂಬುದನ್ನೂ ಮಕ್ಕಳು ಅದೇ ಲೆಕ್ಕದಿಂದ ಕಲಿಯುತ್ತಾರೆ.